ಮಳೆಯೂಟಕ್ಕೆ ಕೂತವಳು

ಧಪ್, ಧಪ್, ಧಪ್. ಒಂದು ಉಸಿರು ಬಿಟ್ಟು ಮತ್ತೆ ಧಪ್, ಧಪ್, ಧಪ್. ರೋಣದಲ್ಲಿ ನಾನು ಕಳೆದ ಬೇಸಿಗೆಗಳೆಲ್ಲ ನನಗೆ ಈ ಸದ್ದಿನಲ್ಲೇ ನೆನಪಿವೆ. ಮಾಳಿಗೆಯ, ಅಂದರೆ ಮನೆಯ ಮಣ್ಣಿನ ಚಪ್ಪಟೆ ಛಾವಣಿಯ, ಮೇಲೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತ ಹೆಂಗಸರು ಕಟ್ಟಿಗೆಯ ಕೊಡತಿಯಿಂದ ಹಸಿ ಮಣ್ಣು ಬಡಿಯುವ ಸದ್ದು ಅದು. ಮೊದಮೊದಲು ಹಿಟ್ಟಿನ ಮುದ್ದೆಗೆ ಅಂಗೈ ತಟ್ಟಿದ ಹಾಗೆ ಮೆತ್ತಗೆ ಕೇಳುತ್ತದೆ. ಮಣ್ಣು ಬಿಗಿಯುತ್ತ ಹೋದಂತೆ ಗಟ್ಟಿಯಾಗುತ್ತದೆ. ಕೊನೆಗೆ ಯಾರೋ ಬಾಗಿಲು ಬಡಿದ ಹಾಗೆ ಕೇಳಿದರೆ ಕೆಲಸ ಮುಗಿಯಿತು ಎಂದರ್ಥ. ಕಾನ್ವೆಂಟಿನ ಮ್ಯೂಸಿಕ್ ಕ್ಲಾಸಿನಲ್ಲಿ ಸಿಸ್ಟರುಗಳು ಗೆಣ್ಣಿನ ಮೇಲೆ ಹೊಡೆದು ಹೊಡೆದು ನನ್ನ ಕಿವಿ ತಿದ್ದಿದ್ದರು. ಆ ಕಿವಿ ಇಂಥ ಕೆಲಸಕ್ಕೆ ಬರುತ್ತದೆಂದು ಅವರಿಗಾಗಲಿ ನನಗಾಗಲಿ ಕನಸಿರಲಿಲ್ಲ.

ಈಗ ಓದಿದ ಹುಡುಗಿಯರು ದೊಡ್ಡ ಮನೆಗಳಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ಸೇರುತ್ತಿದ್ದಾರಂತೆ. ಅವರಲ್ಲಿ ಕೆಲವರು ನನ್ನ ಹತ್ತಿರ ಬಂದು, "ಆಂಟಿ, ಒಳ್ಳೆಯ ಕಾಂಟ್ರ್ಯಾಕ್ಟರನನ್ನು ಹೇಗೆ ಗುರುತು ಹಿಡಿಯುವುದು?" ಎಂದು ಕೇಳುತ್ತಾರೆ. ಮೈ ಡಿಯರ್ ಗರ್ಲ್ಸ್, ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ ಅದು. ನಾನು ಕಲಿತ ಬಗೆಯನ್ನು ಹೇಳುತ್ತೇನೆ, ನಿಮಗೆ ಬೇಕಾದ್ದನ್ನು ನೀವು ಆರಿಸಿಕೊಳ್ಳಿ.

ನನ್ನ ತಂದೆ ಬಳ್ಳಾರಿ ಕಡೆಯವರು, ಮದರಾಸಿನ ಪಲ್ಟನ್ನಿನಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಕಾನ್ವೆಂಟು ನನ್ನನ್ನು ಸಾಕಿತು, ಅಗ್ನೆಸ್ ಎಂದು ಹೆಸರಿಟ್ಟಿತು. ಸಾವಿರದೆಂಟುನೂರ ಐವತ್ತರ ಆಚೀಚಿನ ಮಾತು. ನರಗುಂದದ ಗದ್ದಲ ಇನ್ನೂ ಆಗಿರಲಿಲ್ಲ. ರೋಣದ ಒಬ್ಬ ದೇಸಾಯರ ವಿಧವೆ, ಅಕ್ಕಾಸಾಹೇಬರು, ಸರಕಾರದ ಇಂಗ್ಲಿಷ್ ಕಾಗದ ಓದಿ ಹೇಳಲು ಒಬ್ಬ ಹೆಂಗಸು ಬೇಕೆಂದಿದ್ದರು. ಹಾಗೆ ಹೋದವಳು ನಾನು. ಆ ಮನೆಯಲ್ಲಿ ನನ್ನ ಹೆಸರು ಅಗನೀಸಬಾಯಿ ಆಯಿತು.

ಕಾಗದಗಳು ತಿಂಗಳಿಗೊಂದು ಬಂದರೆ ಹೆಚ್ಚು. ಆದರೆ ದೇಸಾಯರ ಆ ದೊಡ್ಡ ಮನೆ, ವಾಡೆ, ಹಳೆಯದು. ದಿನವೂ ಎಲ್ಲೋ ಒಂದು ಕಡೆ ಜಂತಿ ಬಾಗುತ್ತಿತ್ತು, ಗೋಡೆ ಉಬ್ಬುತ್ತಿತ್ತು. ಅಕ್ಕಾಸಾಹೇಬರು ಪರದೆಯ ಆಚೆ ಬರುವವರಲ್ಲ, ಮನೆ ಕಟ್ಟುವ ಗೌಂಡಿಗಳು ಪರದೆಯ ಈಚೆ ಬರುವವರಲ್ಲ. ಎರಡೂ ಕಡೆ ಓಡಾಡಬಲ್ಲವಳು ನಾನೊಬ್ಬಳೇ. ಯಾರ ಜಾತಿಯ ಲೆಕ್ಕಕ್ಕೂ ಸೇರದವಳಿಗೆ ಅದೊಂದು ಕನ್ವೀನಿಯನ್ಸ್. ಊಟ ಮಾತ್ರ ನನಗೆ ಪಡಸಾಲೆಯಲ್ಲಿ, ಬೇರೆ ತಾಟಿನಲ್ಲಿ. ನೋಡನೋಡುತ್ತ ಕಾಗದ ಓದುವ ಕೆಲಸ ಹಿಂದೆ ಸರಿದು, ಮನೆ ರಿಪೇರಿಗೆ ಆಳು ಹುಡುಕುವುದೇ ನನ್ನ ವೃತ್ತಿಯಾಯಿತು. ಆಮೇಲೆ ನರಗುಂದ, ಗಜೇಂದ್ರಗಡದ ದೊಡ್ಡ ಮನೆಗಳ ಹೆಂಗಸರೂ "ಆ ಕಾನ್ವೆಂಟಿನ ಬಾಯಿನ್ನ ಒಂದಿಷ್ಟು ಕಳಸ್ರಿ" ಎಂದು ಹೇಳಿ ಕಳಿಸುತ್ತಿದ್ದರು.

ನಾನು ಹೋದ ಮೊದಲ ವರ್ಷ ಮಾಳಿಗೆಯ ಕೆಲಸಕ್ಕೆ ಆಳು ಆರಿಸಿದವಳು ನಾನಲ್ಲ. ಅಕ್ಕಾಸಾಹೇಬರ ಮೈದುನ, ಮನೆಯ ಯಜಮಾನಿಕೆ ನೋಡುತ್ತಿದ್ದ ಕಾಕಾಸಾಹೇಬರು, ದಂಡಿನ ಕಡೆಯಿಂದ ಒಬ್ಬ ಕಾಂಟ್ರ್ಯಾಕ್ಟರನನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಫುಟ್‌ರೂಲು. ನಕ್ಷೆ ಬಿಡಿಸಿದ್ದು ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. "ಮ್ಯಾಡಮ್, ಗ್ಯಾರಂಟಿ" ಎಂದ. ಎಷ್ಟೋ ದಿನದ ಮೇಲೆ ಇಂಗ್ಲಿಷ್ ಮಾತು ಕೇಳಿ ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅವನ ಸೀಮೆಯಲ್ಲಿ ಇಳಿಜಾರು ಮಾಡು. ನಮ್ಮ ಚಪ್ಪಟೆ ಮಾಳಿಗೆಯ ಗುಟ್ಟು ಅವನಿಗೆ ಗೊತ್ತಿರಲಿಲ್ಲ. ಮಾಳಿಗೆಗೆ ಬೇಕಾದ್ದು ಬಿಳಿಯ ಸವಳು ಮಣ್ಣು. ಅದು ಬಿಸಿಲಿಗೆ ಬಿರಿಯುವುದಿಲ್ಲ, ನೀರು ಬಿದ್ದರೆ ಮೇಲೇ ಮುಚ್ಚಿಕೊಳ್ಳುತ್ತದೆ. ಅವನು ಹತ್ತಿರದ ಹೊಲದಿಂದ ಕರಿ ಎರೆಮಣ್ಣು ತರಿಸಿ ಹಾಕಿಸಿದ. ಬುಟ್ಟಿ ಹೊತ್ತ ಆಳುಗಳಿಗೆಲ್ಲ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದರೆ, "ಅಂವ ಕೇಳಲಿಲ್ಲಲ್ರಿ?" ಎಂದರು. ಬೇಸಿಗೆಗೆ ಮಾಳಿಗೆಯ ಮೇಲೆ ಕೈ ತೂರುವಂಥ ಬಿರುಕುಗಳು ಬಾಯಿ ಬಿಟ್ಟವು. ಮಳೆ ಬಂದಾಗ ಒಳಗೆ ಮಸಿ ಸುರಿದ ಹಾಗೆ ಕರಿ ನೀರು. ಆ ಹೊತ್ತಿಗೆ ಫುಟ್‌ರೂಲಿನವನು ಯಾವ ಊರಿನಲ್ಲಿದ್ದನೋ.

ಅಡುಗೆಮನೆಯೊಂದೇ ಸೋರಿದ್ದರೆ ನಕ್ಕು ಮರೆಯಬಹುದಿತ್ತು. ಹೆಚ್ಚು ಸೋರಿದ್ದು ಮೂಡಣ ಖೋಲಿ. ಆ ಮನೆಯಲ್ಲಿ ಹೆರಿಗೆ, ಬಾಣಂತನ ಎಲ್ಲ ನಡೆಯುತ್ತಿದ್ದದ್ದು ಅಲ್ಲಿಯೇ.

ಮರುವರ್ಷ ಅಕ್ಕಾಸಾಹೇಬರ ಒಬ್ಬಳೇ ಮಗಳು ಚಂದ್ರಾಬಾಯಿ ಹೆರಿಗೆಗೆ ಬಂದಳು. ಗಜೇಂದ್ರಗಡಕ್ಕೆ ಕೊಟ್ಟ ಹುಡುಗಿ. ಅತ್ತೆಯ ಮನೆಯಲ್ಲಿ ಎರಡು ಸಲ ಹಡೆದಿದ್ದಳು, ಎರಡೂ ಮಳೆಗಾಲದಲ್ಲಿ. ಎರಡು ಕೂಸೂ ಥಂಡಿ ಹಿಡಿದು ತೀರಿಕೊಂಡಿದ್ದವು. ಈ ಸಲವೂ ಹಾಗಾದರೆ ಮಗನಿಗೆ ಇನ್ನೊಂದು ಮದುವೆ ಮಾಡುವುದಾಗಿ ಬೀಗರು ಹೇಳಿ ಕಳಿಸಿದ್ದರು. ಹೇಳಿದ್ದು ಬಹಳ ಮರ್ಯಾದೆಯಿಂದ, ಹಣ್ಣಿನ ಬುಟ್ಟಿಯ ಜೊತೆಗೆ. ದಿನ ತುಂಬುವುದು ಮತ್ತೆ ಮುಂಗಾರಿನ ಬಾಯಿಗೇ.

ಅಕ್ಕಾಸಾಹೇಬರು ನನ್ನನ್ನು ಪರದೆಯ ಹತ್ತಿರ ಕರೆದರು. "ಅಗನೀಸಬಾಯಿ, ಈ ಸಲ ಮೈದುನರನ್ನ ಕೇಳೂದಿಲ್ಲ, ನಿಮ್ಮನ್ನ ಕೇಳತೀನಿ. ಆ ಖೋಲಿ ಒಣಗಿರಬೇಕು. ನನಗ ಮತ್ತೇನೂ ಬ್ಯಾಡ."

ನಾನು ಹೊಸ ಮಾಳಿಗೆ ನೋಡಲು ಹೋಗಲಿಲ್ಲ. ಹಳೆಯ ಮಾಳಿಗೆ ನೋಡಲು ಹೋದೆ. ಮೂರು ಮಳೆಗಾಲ ಕಂಡ ಮನೆಗಳ ಏಣಿ ಹತ್ತಿ ಬಿಸಿಲಿನಲ್ಲಿ ನಿಂತೆ. ಹೆಂಗಸರನ್ನು ಕೇಳಿದೆ, ಗಂಡಸರನ್ನಲ್ಲ. ಸೋರುವ ಜಾಗಕ್ಕೆ ಪಾತ್ರೆ ಇಡುವವರು ಹೆಂಗಸರು ತಾನೆ. ಒಂದೇ ಹೆಸರು ಮತ್ತೆ ಮತ್ತೆ ಬಂತು, ಯಾವಗಲ್ ಊರಿನ ಬಸಲಿಂಗಪ್ಪ ಗೌಂಡಿ. ಹೆಸರಿನ ಜೊತೆ ಬೈಗುಳವೂ ಬಂತು. ಹೇಳಿದ ದಿನ ಬರುವುದಿಲ್ಲ. ಬಾಯಿ ದೊಡ್ಡದು. ರೊಟ್ಟಿ ತಣ್ಣಗಿದ್ದರೆ ಸಿಟ್ಟಾಗುತ್ತಾನೆ. "ಆದರ ಮಳಿಗೆ ಬರ್ತಾನವ್ವ" ಎಂದು ಬೈದವಳೇ ಮುಗಿಸುತ್ತಿದ್ದಳು. ಅದು ಏನೆಂದು ನನಗೆ ಅರ್ಥವಾಗಿರಲಿಲ್ಲ.

ಬಂದ. ನಾನು ಹೇಳಿ ಕಳಿಸಿದ ದಿನಕ್ಕಿಂತ ತಡವಾಗಿಯೇ ಬಂದ. ಮೀಸೆಯ ಮೇಲೆ ಕೈ ಎಳೆಯುತ್ತ ಮೂಡಣ ಖೋಲಿ ನೋಡಿ, "ಯಾರ್ರೀ ಎರಿ ಹಾಕ್ಸಿದ್ದು? ಮಾಳಿಗಿ ಮ್ಯಾಲ ಜ್ವಾಳ ಬಿತ್ತೂ ವಿಚಾರಿತ್ತೇನು?" ಎಂದ. ಕಾಕಾಸಾಹೇಬರು ಗಂಟಲು ಸರಿಮಾಡಿಕೊಂಡರು.

"ಬಾಯಿ ಭಾಳ ಆತು. ನಿನ್ನ ಕೆಲಸಕ್ಕ ಜಾಮೀನು ಯಾರೋ?"

"ನನ್ನ ಹೊಟ್ಟಿರಿ" ಎಂದ ಬಸಲಿಂಗಪ್ಪ. "ಮೊದಲ ಮಳಿಗೆ ಬರ್ತೀನಿ. ಇದ ಖೋಲ್ಯಾಗ ಕುಂತು ಉಣತೀನಿ. ತಾಟಿನ್ಯಾಗ ಒಂದು ಹನಿ ಬಿತ್ತಂದ್ರ ಕಿತ್ತು ಹೊಸಾದು ಮಾಡಿ ಕೊಡತೀನಿ, ಪುಕ್ಕಟ. ಆದರ ಹೋಳಿಗಿ ಬಿಸಿ ಇರಬೇಕು ನೋಡ್ರಿ."

ಅದು ಆ ಸೀಮೆಯ ಪದ್ಧತಿ, ಮಳೆಯೂಟ. ಮಾಳಿಗೆ ಹಾಕಿದವನು ಮೊದಲ ದೊಡ್ಡ ಮಳೆಗೆ ಅದರ ಕೆಳಗೆ, ಹಿಂದೆ ಎಲ್ಲಿ ಹೆಚ್ಚು ಸೋರುತ್ತಿತ್ತೋ ಅಲ್ಲಿ, ಊಟಕ್ಕೆ ಕೂಡಬೇಕು. ಆ ಹೊತ್ತಿಗೆ ಅವನ ಜಾತಿ ಯಾರೂ ಕೇಳುವುದಿಲ್ಲ. ಅವನು ಉಂಡು ಎದ್ದ ಮೇಲೆಯೇ ಆ ಕೋಣೆಯಲ್ಲಿ ಮನೆಯವರು ಹಾಸಿಗೆ ಹಾಸಬಹುದು, ಅಲ್ಲಿಯವರೆಗೆ ಇಲ್ಲ. ನಾನು ಓದಿದ ಯಾವ ಅಗ್ರಿಮೆಂಟಿನಲ್ಲೂ ಇಷ್ಟು ಒಳ್ಳೆಯ ಕ್ಲಾಜ್ ಇರಲಿಲ್ಲ.

ಕೆಲಸ ಶುರುವಾಯಿತು. ಬಸಲಿಂಗಪ್ಪ ಕೆಳಗೆ ನಿಂತು ಮಾತಾಡುತ್ತಿದ್ದ, ಮೇಲೆ ಬಡಿಯುತ್ತಿದ್ದವರು ಅವನ ಹೆಂಡತಿ ದ್ಯಾಮವ್ವ ಮತ್ತು ಅವಳ ಗುಂಪಿನ ಹೆಂಗಸರು. ದ್ಯಾಮವ್ವ ಗಟ್ಟಿ ಮೈಯ ಹೆಂಗಸು. ಬಾಯಿಯಲ್ಲಿ ಎಲೆಅಡಿಕೆ, ಬೇವಿನ ನೆರಳಿನ ಜೋಳಿಗೆಯಲ್ಲಿ ಹಾಲುಗೂಸು. ಗಂಡನಿಗೆ ತಕ್ಕ ಬಾಯಿ ಅವಳದ್ದೂ.

ನಾನು ಏಣಿ ಹತ್ತಿದಾಗ ಉಳಿದವರು ಸೆರಗು ಅಡ್ಡ ಹಿಡಿದು ನಕ್ಕರು. ದ್ಯಾಮವ್ವ ಮಾತ್ರ, "ಬರ್ರಿ ಬಾಯಾರ. ನಮ್ಮ ಮನಿಯಾಂವ ಬಾಯಿಲೆ ಬಡದ್ರ ಊರ ಮಾಳಿಗಿ ಎಲ್ಲಾ ಬಿಗೀತಾವ, ಕೊಡತಿ ಯಾಕ ಬೇಕು ಅಂತ ಬಂದ್ರೇನು?" ಎಂದಳು.

"ಸದ್ದು ಕೇಳಬೇಕೆಂದು ಬಂದೆ" ಎಂದೆ.

ಅವಳು ನನ್ನನ್ನು ಒಮ್ಮೆ ನೋಡಿ, "ಕಣ್ಣ ಮುಚ್ಚರಿ" ಎಂದಳು. ಸಾಲಿನ ಈ ತುದಿಯಿಂದ ಆ ತುದಿಗೆ ಕೊಡತಿ ಬಡಿಯುತ್ತ ಹೋದಳು. ಬೆಳಕಿಗೆಂದು ಮಾಳಿಗೆಯಲ್ಲಿ ಸುತ್ತ ಕಲ್ಲು ಕಟ್ಟಿ ಬಿಟ್ಟಿದ್ದ ಬೆಳಕಿಂಡಿಯ ಹತ್ತಿರ ಸದ್ದು ಅರ್ಧ ಸ್ವರ ಇಳಿಯಿತು. ನಾನು ಕೈ ಎತ್ತಿದೆ.

"ಹೌದ್ರಿ, ಅಲ್ಲೆ ಪೊಳ್ಳ ಐತಿ" ಎಂದಳು ದ್ಯಾಮವ್ವ. "ಬೆಳಕಿಂಡಿ ಬಾಯಿ ಯಾವತ್ತೂ ಕಾಡತೈತಿ. ಕಲ್ಲು ಬಿಸಿಲಿಗೆ ಹಿಗ್ಗತೈತಿ, ಮಣ್ಣು ಹಿಗ್ಗೂದಿಲ್ಲ. ಬಡೀತೀನಿ. ಆದ್ರ ಮಳಿ ಬಿದ್ದ ಮ್ಯಾಲ ಖರೇ ಗೊತ್ತಾಗೂದು."

ನಿಮಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಏನೂ ತೊಂದರೆಯಾಗದು ಎನ್ನುವವನನ್ನು ಹಿಡಿಯಬೇಡಿ. ತೊಂದರೆ ಎಲ್ಲಿ ಆದೀತು ಎಂದು ಬೆರಳಿಟ್ಟು ತೋರಿಸುವವರನ್ನು ಹಿಡಿಯಿರಿ.

ಮಾಳಿಗೆ ಮುಗಿಯಿತು. ಗಂಡ, ಹೆಂಡತಿ, ಕೂಸು ಹೊರಟು ಹೋದರು. ಕೆಲವು ದಿನ ಕಳೆದ ಮೇಲೆ ಬಳೆ ಮಾರುವವಳು ಸುದ್ದಿ ತಂದಳು. ಬಸಲಿಂಗಪ್ಪ ಅದೇ ಬೇಸಿಗೆಯಲ್ಲಿ ನರಗುಂದದಲ್ಲೊಂದು ಮನೆ, ಗಜೇಂದ್ರಗಡದಲ್ಲೊಂದು ಮನೆ ಒಪ್ಪಿಕೊಂಡಿದ್ದ. ಮೂರೂ ಕಡೆ ಮಳೆಯೂಟದ ಮಾತು ಕೊಟ್ಟಿದ್ದ.

ಕಾಕಾಸಾಹೇಬರಿಗೆ ಹಬ್ಬವಾಯಿತು. "ಒಂದ ಹೊಟ್ಟಿ, ಮೂರು ಊರು! ನೋಡ್ರಿ ನಿಮ್ಮ ಗೌಂಡಿ."

ನಾನು ಗಾಡಿ ಹೂಡಿಸಿಕೊಂಡು ಯಾವಗಲ್ಲಿಗೆ ಹೋದೆ. ಬಸಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

"ನೀವು ಹೊರಗಿನವರು ಬಾಯಾರ, ನಿಮಗ ಗೊತ್ತಿಲ್ಲ. ನಮ್ಮ ಸೀಮ್ಯಾಗ ಮಳಿ ಒಂದು ಹೊಲಕ್ಕ ಬಿದ್ದು ಬಾಜೂ ಹೊಲಕ್ಕ ಬೀಳೂದಿಲ್ಲ. ಮೂರು ಊರಿಗೆ ಒಂದ ದಿನ ಬಂದೀತೇನ್ರಿ? ಇವತ್ತು ನರಗುಂದಕ್ಕ ಬಂದ್ರ ನಿಮಗ ನಾಳಿಗೆ. ಗಜೇಂದ್ರಗಡಕ್ಕ ಅಂತೂ ಕೇಳಬ್ಯಾಡ್ರಿ, ಅಲ್ಲಿ ಗುಡ್ಡ ದಾಟಿ ಬರಬೇಕು. ನಾ ಇಷ್ಟು ವರ್ಷ ಹಿಂಗ ಉಂಡೇನಿ."

ಮಾತು ಸುಳ್ಳಾಗಿರಲಿಲ್ಲ. ಆ ನಾಡಿನ ಮಳೆಯೇ ಹಾಗೆ. ಅವನು ಮಳೆಯ ಸ್ವಭಾವದ ಮೇಲೆ ತನ್ನ ವ್ಯಾಪಾರ ಕಟ್ಟಿದ್ದ. ಆದರೆ ವಾಪಸು ಬರುವಾಗ ನನಗೆ ಸಮಾಧಾನವಿರಲಿಲ್ಲ.

ಆ ವರ್ಷ ಮಳೆ ತನ್ನ ಸ್ವಭಾವ ಬಿಟ್ಟಿತು.

ಮುಂಗಾರು ಶುರುವಾಗುವ ಒಂದು ದಿನ ಬೆಳಿಗ್ಗೆ ಎದ್ದಾಗ ಆಕಾಶದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಮೋಡ, ಹೊಲಿಗೆಯಿಲ್ಲದ ಕಂಬಳಿಯ ಹಾಗೆ. ಮಧ್ಯಾಹ್ನದ ಹೊತ್ತಿಗೆ ಚಂದ್ರಾಬಾಯಿಗೆ ನೋವು ಕಾಣಿಸಿಕೊಂಡಿತು. ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅದರ ಗೋಡೆ ಹೋದ ವರ್ಷದ ನೀರು ಕುಡಿದದ್ದು ಇನ್ನೂ ಆರಿರಲಿಲ್ಲ, ಕೈ ಇಟ್ಟರೆ ತಣ್ಣಗೆ. ಸೂಲಗಿತ್ತಿ ಹಣಮವ್ವ ಮುದುಕಿ, ಹಟಮಾರಿ. "ಇಲ್ಲಿ ಹಡೀಬಾರದು. ಮೂಡಣ ಖೋಲ್ಯಾಗೂ ಹಡೀಬಾರದು, ಮಳಿಯೂಟ ಆಗಿಲ್ಲ. ನಿಮ್ಮ ಗೌಂಡಿ ಎಲ್ಲದಾನು?" ಎಂದಳು.

ಅಡುಗೆಯವಳು ಹೋಳಿಗೆ ಬೇಯಿಸಿ, ಮುಚ್ಚಿ, ಮತ್ತೆ ಬಿಸಿ ಮಾಡಿದಳು. ಕಾಕಾಸಾಹೇಬರು ಪಡಸಾಲೆಯಲ್ಲಿ ಕೈ ಹಿಂದೆ ಕಟ್ಟಿ ತಿರುಗಿದರು. ಪರದೆಯ ಕೆಳಗೆ ಅಕ್ಕಾಸಾಹೇಬರ ಪಾದ ಮಾತ್ರ ಕಾಣುತ್ತಿತ್ತು. ಒಂದು ಕಾಲಿನ ಹೆಬ್ಬೆರಳು ನೆಲ ಒತ್ತಿಕೊಂಡೇ ಇತ್ತು.

ಮೊದಲ ಹನಿಗಳು ಅಂಗಳದ ಧೂಳಿನಲ್ಲಿ ಕುಣಿ ಮಾಡುತ್ತಿದ್ದಾಗ ಬಾಗಿಲಿಗೆ ದ್ಯಾಮವ್ವ ಬಂದಳು. ಕಂಕುಳಲ್ಲಿ ಕೂಸು, ಹೆಗಲ ಮೇಲೆ ಕೊಡತಿ.

"ನಿನ್ನ ಗಂಡ ಎಲ್ಲಿ?" ಎಂದರು ಕಾಕಾಸಾಹೇಬರು.

"ನರಗುಂದಕ್ಕ ಹೋಗ್ಯಾನ್ರಿ. ಅಲ್ಲಿ ನಾ ಬಡದಿಲ್ಲ, ಹೊಸ ಹೆಣ್ಣಾಳು ಬಡದಾವ. ಆ ಮಾಳಿಗಿ ಮ್ಯಾಲ ಅವಗ ನಂಬಿಗಿ ಇಲ್ಲ, ಅದಕ್ಕ ಅಲ್ಲೇ ಹೋಗ್ಯಾನ. ಗಜೇಂದ್ರಗಡಕ್ಕ ನಮ್ಮ ಮಾವನ್ನ ಕಳಿಸೇವಿ. ಅವಗ ಹಲ್ಲಿಲ್ಲ, ಹೋಳಿಗಿ ಬ್ಯಾಡ, ಮೆತ್ತನ್ನ ಸಜ್ಜಕ ಮಾಡ್ರಿ ಅಂತ ಹೇಳಿ ಕಳಿಸೇವಿ. ಇಲ್ಲಿ ನಾ ಬಡದೇನಿ, ನಾ ಕುಂದರತೀನಿ."

"ಹೆಣ್ಣಾಳು ಮಳಿಯೂಟಕ್ಕ ಕುಂತದ್ದು ಯಾವ ಊರಾಗ ಅದ? ಗೌಂಡಿ ಕುಂದ್ರಬೇಕು!"

"ಗೌಂಡಿ ಮಾತಾಡ್ಯಾನ್ರಿ ಸಾಹೇಬ್ರ. ಬಡದಾಕಿ ನಾನ."

ಕಾಕಾಸಾಹೇಬರು ನನ್ನ ಕಡೆ ತಿರುಗಿದರು. ನಾನು ಪರದೆಯ ಕಡೆ ತಿರುಗಿದೆ. ನಡುಮನೆಯಿಂದ ಚಂದ್ರಾಬಾಯಿ ನರಳಿದ್ದು ಕೇಳಿತು. "ಅಕ್ಕಾಸಾಹೇಬ, ಈ ಮಾಳಿಗೆಯನ್ನು ಇವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಇದು ನನ್ನ ಮಾತು" ಎಂದೆ.

ಹೆಬ್ಬೆರಳು ನೆಲ ಬಿಟ್ಟಿತು. "ತಾಟು ಹಾಕ್ರಿ" ಎಂದರು ಅಕ್ಕಾಸಾಹೇಬರು.

ದ್ಯಾಮವ್ವ ಮೂಡಣ ಖೋಲಿಯ ಮೂಲೆಗೆ ಹೋದಳು. ತಾಟು ಬರುವ ಮೊದಲು ಸೆರಗಿನ ಗಂಟಿನಿಂದ ಒಂದು ದುಪ್ಪಟಿಯ ತುಂಡು ತೆಗೆದು, ಬಾಣಂತಿಯ ಹೊರಸು ಹಾಕುವ ಜಾಗದಲ್ಲಿ ಹಾಸಿ, ತನ್ನ ಕೂಸನ್ನು ಮಲಗಿಸಿದಳು. ಯಾರೂ ಅದನ್ನು ಕೇಳಿರಲಿಲ್ಲ. ಪದ್ಧತಿಯಲ್ಲೂ ಅದು ಇರಲಿಲ್ಲ. ಆಮೇಲೆ ಊಟಕ್ಕೆ ಕೂತಳು.

ಮಳೆ ಸುರಿಯಿತು. ಅಂಥ ಮಳೆಯನ್ನು ನಾನು ಆಮೇಲೆ ಮಂಗಳೂರು ಹಂಚಿನ ಕೆಳಗೆ ಕೂತು ಎಷ್ಟೋ ಸಲ ಕೇಳಿದ್ದೇನೆ, ಹಂಚು ಗದ್ದಲ ಮಾಡುತ್ತದೆ. ಬಡಿದ ಮಾಳಿಗೆಯ ಕೆಳಗೆ ಮಳೆ ಸದ್ದೇ ಮಾಡುವುದಿಲ್ಲ, ಯಾರೋ ಮೇಲೆ ಕಂಬಳಿ ಎಳೆದುಕೊಂಡು ನಡೆದ ಹಾಗೆ ಅಷ್ಟೆ. ಎಲ್ಲರೂ ಮೇಲೆ ನೋಡುತ್ತ ನಿಂತಿದ್ದೆವು. ದ್ಯಾಮವ್ವ ಒಬ್ಬಳೇ ಕೆಳಗೆ ನೋಡುತ್ತ ಉಣ್ಣುತ್ತಿದ್ದಳು. "ತುಪ್ಪ ಸಣ್ಣ ಕೈಲೆ ಬಡಸ್ತೀರಲ್ರಿ" ಎಂದಳು. ಅಡುಗೆಯವಳಿಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು.

ಆಗ ಬಿತ್ತು. ತಾಟಿನ ಮೇಲಲ್ಲ, ಕಲ್ಲು ಮುಚ್ಚಿದ್ದ ಬೆಳಕಿಂಡಿಯ ಬಾಯಿಯಿಂದ ಜಾರಿ, ಕೂಸಿನ ಕೆನ್ನೆಯ ಮೇಲೆ ಒಂದು ಹನಿ. ಕೂಸು ಮುಖ ಸಿಂಡರಿಸಿತು.

"ಬಿತ್ತು!" ಎಂದರು ಕಾಕಾಸಾಹೇಬರು. ಅವರ ದನಿಯಲ್ಲಿ ಗೆಲುವಿರಲಿಲ್ಲ, ಹೆದರಿಕೆಯೇ ಇತ್ತು; ಅವರೂ ಆ ಹುಡುಗಿಯ ಕಾಕಾ ತಾನೆ.

ದ್ಯಾಮವ್ವ ಅರ್ಧ ಹೋಳಿಗೆ ಬಿಟ್ಟು ಎದ್ದಳು. ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. "ಹೇಳಿದ್ನಲ್ಲ ಬಾಯಾರ, ಬೆಳಕಿಂಡಿ. ಒಂದು ಬುಟ್ಟಿ ಸವಳು, ಒಂದು ಹಿಡಿ ಹೊಟ್ಟು ಕೊಡ್ರಿ. ಲಗೂ." ಆ ಮಳೆಯಲ್ಲಿ ಏಣಿ ಹತ್ತಿದಳು. ನಾವು ಕೆಳಗೆ ನಿಂತು ಕೇಳಿದೆವು. ಧಪ್, ಧಪ್, ಧಪ್. ಮೊದಲು ಪೊಳ್ಳು. ಆಮೇಲೆ ಮೆತ್ತಗೆ. ನಡುಮನೆಯಲ್ಲಿ ಚಂದ್ರಾಬಾಯಿಯ ನೋವಿಗೂ ಅದೇ ಲಯ ಸಿಕ್ಕಿತ್ತೋ ಏನೋ, ಹಣಮವ್ವ ಬಡಿತದ ಜೊತೆಗೇ "ಉಸರ ಬಿಡ ನನ್ನವ್ವ, ಉಸರ ಬಿಡ" ಎನ್ನುತ್ತಿದ್ದಳು. ಸದ್ದು ಗಟ್ಟಿಯಾಗುತ್ತ ಬಂತು. ಬಾಗಿಲು ಬಡಿದ ಹಾಗೆ ಆದಾಗ ನಾನು, ಕಣ್ಣು ಮುಚ್ಚಿದ್ದವಳು, "ಎನಫ್, ಎನಫ್" ಎಂದು ಇಂಗ್ಲಿಷಿನಲ್ಲೇ ಕೂಗಿದೆನಂತೆ. ನಾನು ಅಲ್ಲಿ ಇರುವವರೆಗೂ ಮನೆಯವರು ಅದನ್ನು ಹೇಳಿ ನಕ್ಕರು.

ಅವಳು ನೀರಿಳಿಯುವ ಸೀರೆಯಲ್ಲಿ ಒಳಗೆ ಬಂದು, ಕೂಸನ್ನು ಮತ್ತೆ ಅದೇ ಜಾಗದಲ್ಲಿ ಮಲಗಿಸಿ, ಅದೇ ಮೂಲೆಯಲ್ಲಿ ಕೂತಳು.

"ಮೊದಲಿಂದ ಬಡಸ್ರಿ" ಎಂದಳು. "ಉಂಡದ್ದು ಲೆಕ್ಕಕ್ಕಿಲ್ಲ."

ಎರಡನೆಯ ಸಲ ಅವಳು ಬಹಳ ನಿಧಾನವಾಗಿ ಉಂಡಳು. ಹೊರಗೆ ಮಳೆ ಕಡಿಮೆಯಾಗಲಿಲ್ಲ. ಕೂಸು ನಿದ್ದೆ ಹೋಯಿತು. ತಾಟು ಬರಿದಾದಾಗ ಅದರ ಸುತ್ತಲ ನೆಲ ಒಣಗಿತ್ತು. ಹಣಮವ್ವ ಒಳಗೆ ಬಂದು, ಕೂಸು ಮಲಗಿದ್ದ ದುಪ್ಪಟಿಯ ಮೇಲೆ ಅಂಗೈ ಒತ್ತಿ ನೋಡಿ, "ಸಾಕು, ಕರಕೊಂಡ ಬರ್ರಿ" ಎಂದಳು.

ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಹುಟ್ಟಿತು. ಮಳೆಗಾಲವೆಲ್ಲ ಆ ಒಣ ಖೋಲಿಯಲ್ಲಿ ಅತ್ತು ಅತ್ತು ಮನೆಯವರ ತಲೆ ತಿಂದಿತು. ಬೀಗರು ತೊಟ್ಟಿಲಿಗೆ ಬಂದಾಗ ಇನ್ನೊಂದು ಮದುವೆಯ ಮಾತು ಯಾರ ಬಾಯಿಗೂ ಬರಲಿಲ್ಲ. ನರಗುಂದದ ಮಾಳಿಗೆ ಬಸಲಿಂಗಪ್ಪನ ತಾಟಿಗೇ ಸೋರಿತಂತೆ. ಅವನು ಅದನ್ನು ಪೂರ್ತಿ ಕಿತ್ತು ಹೊಸದು ಮಾಡಿ ಕೊಟ್ಟ, ಆ ಮನೆಯವರೇ ಅವನನ್ನು ಹೆಚ್ಚು ಹೊಗಳಿದರು. ಮರುವರ್ಷದಿಂದ ಹೆಂಗಸರೆಲ್ಲ, "ಮಳಿಯೂಟಕ್ಕ ಗೌಂಡಿ ಬ್ಯಾಡ, ದ್ಯಾಮವ್ವ ಬರ್ಲಿ" ಎನ್ನತೊಡಗಿದರು.

ಆಮೇಲೆ ನಾನು ಬಹಳ ಜನರನ್ನು ಕೆಲಸಕ್ಕೆ ಹಿಡಿದೆ. ಬಡಗಿಗಳು, ಸುಣ್ಣದವರು, ಬಾವಿ ತೋಡುವವರು. ಈಗ ಸ್ಟಾಂಪ್ ಪೇಪರ್ ಬಂದಿದೆ, ಸರ್ಟಿಫಿಕೇಟು ಬಂದಿದೆ. ಬರಲಿ, ಒಳ್ಳೆಯದೇ. ಆದರೆ ಹನಿ ಬೀಳದ ಮಾಳಿಗೆ ನಾನು ಕಂಡಿಲ್ಲ. ಬಿದ್ದಾಗ ಕೆಳಗೆ ಕೂತಿರುವವರು ಬೇಕು, ಅಷ್ಟೆ.

ಆ ಮಳೆಯೂಟ ಆಗಿ ಒಂದೆರಡು ಬೇಸಿಗೆ ಕಳೆದು, ನನಗೆ ಹೊಳೆಯಾಚೆ ಬೇರೆ ಮನೆಯ ಕೆಲಸ ಸಿಕ್ಕಿತು. ಕೊಣ್ಣೂರಿನಲ್ಲಿ ಹೊಳೆ ದಾಟಬೇಕೆಂದು ಗಾಡಿಯಲ್ಲಿ ಹೊರಟಿದ್ದೆ. ಶಿರೋಳದ ಹತ್ತಿರ ಆ ಸದ್ದು ಕೇಳಿತು, ಆಗಲೇ ಬಾಗಿಲು ಬಡಿದ ಹಾಗೆ ಗಟ್ಟಿಯಾಗಿತ್ತು. ತಲೆಯೆತ್ತಿದರೆ ರಸ್ತೆಯ ಪಕ್ಕದ ಮಾಳಿಗೆಯ ಮೇಲೆ ದ್ಯಾಮವ್ವ, ಹಿಂದೆ ಕಪ್ಪು ಮೋಡ. ಗಾಡಿ ನಿಲ್ಲಿಸಿದೆ.

"ಬಾಯಾರ! ನಮ್ಮ ಮಾಳಿಗಿ ಕೂಸು ಹ್ಯಾಂಗೈತ್ರಿ?"

"ಓಡಾಡುತ್ತದೆ. ವಾಡೆಗೆ ಬಂದಾಗಲೆಲ್ಲ ಕಾಕಾಸಾಹೇಬರ ಪಗಡಿ ಕಿತ್ತೆಸೆಯುತ್ತದೆ."

ಮೇಲಿದ್ದ ಹೆಂಗಸರೆಲ್ಲ ನಕ್ಕರು. "ನಿನ್ನ ಕೂಸು?" ಎಂದೆ. ಅವಳು ಕೊಡತಿಯಿಂದ ಕೆಳಗೆ ಅಂಗಳದ ಕಡೆ ತೋರಿಸಿದಳು. ಒಂದು ಮೇಕೆಯ ಬಾಲ ಹಿಡಿದು ಯಾರೋ ಪುಟ್ಟವರು ಓಡುತ್ತಿದ್ದರು.

"ಬೆಳಕಿಂಡಿ ಬಾಯಿ ಈ ವರ್ಷ ಮತ್ತ ಬಡೀಬೇಕು, ವಾಡೇದ ಅವ್ವಾರಿಗೆ ಹೇಳಿ ಕಳಸ್ರಿ" ಎಂದಳು. "ನೀವು ಲಗೂ ಹೋಗ್ರಿ, ಹೊಳಿ ತುಂಬಿ ಬಂದೀತು."

ಅಷ್ಟರಲ್ಲಿ ನನ್ನ ಕೈಯ ಮೇಲೆ ಒಂದು ಹನಿ ಬಿತ್ತು. ಅವಳ ಮೇಲೂ ಬಿದ್ದಿರಬೇಕು. ಅಂಗೈ ಚಾಚಿ ನೋಡಿದಳು. ಹೆಂಗಸರಿಗೆ ಏನೋ ಹೇಳಿದಳು, ಬಡಿತ ನಿಂತಿತು. ಗಾಡಿ ಹೊರಟ ಮೇಲೆ ನಾನು ಹಿಂತಿರುಗಿ ನೋಡಿದೆ. ದ್ಯಾಮವ್ವ ಕೊಡತಿಯನ್ನು ಗೋಡೆಗೆ ಒರಗಿಸಿ, ಏಣಿ ಇಳಿದು, ಕಾಲು ತೊಳೆದುಕೊಂಡು, ತಲೆ ಬಗ್ಗಿಸಿ ಆ ಮನೆಯ ಒಳಗೆ ಊಟಕ್ಕೆ ಹೋಗುತ್ತಿದ್ದಳು.